ಉಂಟು

ಹೈಮಾ ಕ್ಯಾಂಪಿನಿಂದ ಸಂಜೆ ಐದಕ್ಕೆ ಹಾಜರಿ.
ಟ್ಯಾಂಕರ್ ಒಂದು, ಎರಡು, ಮೂರು.
ಹೆಸರು ಬೇಡ; ನೀರೆಷ್ಟು, ಡೀಸೆಲ್ ಎಷ್ಟು,
ನಿಂತ ಜಾಗದ ಅಂದಾಜು, ಅಷ್ಟೆ.
ಕರೆಯುವವನು ಶಿರ್ವದ ಸಿಪ್ರಿಯನ್.
ರೇಡಿಯೋದಲ್ಲಿ ಇಂಗ್ಲಿಷೇ ಆಡಬೇಕೆಂದು ಕಂಪನಿಯ ಕಟ್ಟಪ್ಪಣೆ.
ನಾಲ್ಕರ ಸರದಿ ಬಂದರೆ ನನ್ನ ಬಾಯಿಂದ ಮಾತ್ರ
ಹೇಗೋ ಜಾರುತ್ತಿತ್ತು: ಉಂಟು.
ರೋಜರ್ ಅನ್ನು ಮಾರಾಯ, ಸಾಹೇಬ ಇಲ್ಲೇ ಕೂತಿದ್ದಾನೆ.
ಉಂಟುಂಟು.

ಎಂಬತ್ತೆಂಟರ ಫೆಬ್ರವರಿ. ಹಿಂದಿನ ದಿನ ಮಳೆ.
ಅಲ್ಲಿ ಮಳೆಯೆಂದರೆ ಹತ್ತು ನಿಮಿಷದ ಉಗುಳು,
ಆ ಉಪ್ಪುನೆಲಕ್ಕೆ ಅದೇ ಸಾಕಾಯಿತು.
ಹಪ್ಪಳದ ಹಾಗೆ ಒಣಗಿ ಕಂಡದ್ದು
ಹಿಂಗಾಲಿಯ ಕೆಳಗೆ ಹಪ್ಪಳದ ಹಾಗೇ ಮುರಿಯಿತು.
ಒಳಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ.
ಅಚ್ಚಿನವರೆಗೆ ಇಳಿದು ನಿಂತಿತು;
ನಿಂತಿತೆಂದು ನಾವು ನಂಬಿದೆವು.
ಸುಹೈಲ್ ಕೆಳಗಿಳಿದ. ನೆಲಕ್ಕೆ ಬೈಯಲಿಲ್ಲ.
ಇವಳ ಹೆಸರು ವಿಷದ ತಾಯಿ, ಎಂದ,
ಮನೆಗೆ ಬಂದ ನೆಂಟರನ್ನು ಪರಿಚಯಿಸುವ ದನಿಯಲ್ಲಿ.

ಗಾಲಿ ಬಗೆಯುತ್ತ ಐದರ ಹಾಜರಿ ತಪ್ಪಿತು.

ರೇಡಿಯೋಕ್ಕೆ ಹಗಲಿಗೊಂದು ಹರಳು, ಇರುಳಿಗೊಂದು.
ಇರುಳಿನದು ಸತ್ತು ವಾರವಾಗಿತ್ತು.
ನಾಳೆ ಹಾಕುತ್ತೇನೆ ಎಂದು ದಿನಾ ಹೇಳಿದ ಮೆಕ್ಯಾನಿಕ್
ನಾನೇ.

ಹಗಲಿನ ಅಲೆ ಕತ್ತಲಾದ ಮೇಲೆ ಹತ್ತಿರ ಬೀಳುವುದಿಲ್ಲ.
ಗಂಗೊಳ್ಳಿಯ ಅಳಿವೆಯಲ್ಲಿ ಹಂಚಿನ ಚೂರು ಬೀಸುತ್ತಿದ್ದೆವು:
ಒಂದು ಕಡೆ ನೀರು ಮುಟ್ಟಿ, ಹಾರಿ, ಮತ್ತೆಲ್ಲೋ ಮುಟ್ಟಿ—
ನಡುವಿನ ನೀರಿಗೆ ಹಂಚು ದಾಟಿದ ಸುದ್ದಿಯೇ ಇಲ್ಲ.
ಆ ರಾತ್ರಿ ಹೈಮಾ, ಆ ನಡುವಿನ ನೀರು.

ತಂತಿ ಕಟ್ಟಲು ಮರವಿಲ್ಲ.
ಒಂದು ತುದಿ ಟ್ಯಾಂಕರಿನ ನೆತ್ತಿಗೆ,
ಇನ್ನೊಂದು, ಸಲಿಕೆಗೆ ಬಿಗಿದ ಸುಹೈಲನ ಒಂಟೆಕೋಲಿಗೆ.
ಅರ್ಥಿಂಗಿನ ಗೂಟ ಹೊಡೆಯಹೋದರೆ ಸುತ್ತಿಗೆಯೇ ಬೇಡ,
ಮಾಗಿದ ಹಲಸಿಗೆ ಬೆರಳು ಇಳಿದಂತೆ ಇಳಿಯಿತು.
ಬೇರೆ ಕಡೆ, ಒಣ ಮರಳಲ್ಲಿ,
ಕುಡಿಯುವ ನೀರನ್ನೇ ಗೂಟದ ಬುಡಕ್ಕೆ ಸುರಿಯುತ್ತಿದ್ದೆವು
ದನಿ ದೂರ ಹೋಗಲೆಂದು.
ಇಲ್ಲಿ ಬೇಕಾಗಲಿಲ್ಲ. ನಮ್ಮನ್ನು ನುಂಗುತ್ತಿದ್ದವಳೇ
ನಮ್ಮ ದನಿಯನ್ನು ಎತ್ತಿ ಒಗೆದಳು.

ಹೈಮಾ, ಹೈಮಾ, ಹೈಮಾ.
ಉತ್ತರಕ್ಕೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು.
ಯಾವುದೋ ಭಾಷೆಯಲ್ಲಿ ಯಾರೋ ಅಂಕೆ ಓದುತ್ತಿದ್ದ,
ಕೂಸು ಮಲಗಿಸುವಂತೆ.
ಬ್ಯಾಟರಿ ಇಳಿಯುವ ಹೊತ್ತಿಗೆ
ಪಕ್ಕದಲ್ಲೇ ಕೂತು ಆಡಿದ ಹಾಗೆ ಒಂದು ಗಂಟಲು:
ಟಗ್ ದೋಣಿಯವ, ಕುವೈತಿನ ಹೊರಗೆ ಲಂಗರು.
ಅವನ ಇಂಗ್ಲಿಷಿನಲ್ಲಿ ಯಾವ ಊರಿತ್ತೋ ತಿಳಿಯಲಿಲ್ಲ.
ನಿಮ್ಮ ಹೈಮಾ ನನಗೆ ಕೇಳುತ್ತಿದೆ, ಎಂದ,
ಒಂದು ತಾಸಿನಿಂದ ನಾಲ್ಕು, ನಾಲ್ಕು ಎನ್ನುತ್ತಿದ್ದಾನೆ,
ಬೇರೆ ಅಂಕೆಯೇ ಬಾರದವನ ಹಾಗೆ.

ಜಾಗ ಬರೆದುಕೊಂಡ. ಎರಡು ಸಲ ಓದಿ ಹೇಳಿದ.
ಹೈಮಾ ಕೇಳುತ್ತಿದೆ: ಇಬ್ಬರೂ ಇದ್ದೀರಾ?
ಉಂಟು, ಎಂದೆ.
ಮತ್ತೆ ಹೇಳು.
ಉಂಟು.
ಅಕ್ಷರ ಬಿಡಿಸಿ ಹೇಳು.
ಹೇಳಿದೆ.
ಆ ಹುಡುಗ (ಹುಡುಗನೇ ಇರಬೇಕು)
ಅರ್ಥ ಗೊತ್ತಿಲ್ಲದ ನನ್ನ ಮಾತನ್ನು
ಚೆಲ್ಲದ ಹಾಗೆ ಎತ್ತಿ
ಎಂಟುನೂರು ಮೈಲಿ ಆಚೆ ಇಳಿಸಿದ:
ಯೂನಿಫಾರ್ಮ್. ನವೆಂಬರ್. ಟ್ಯಾಂಗೋ. ಯೂನಿಫಾರ್ಮ್.

ಸ್ವಲ್ಪ ಹೊತ್ತು ಬರೀ ಸಾಸಿವೆ.
ಆಮೇಲೆ ಟಗ್ಗಿನವ, ಅನುಮಾನಿಸುತ್ತ:
ನಿಮ್ಮ ಹೈಮಾ ಏನೋ ಬೈಯುತ್ತಿದ್ದಾನೆ, ತುಂಬ ಉದ್ದ ಇದೆ,
ಅದನ್ನೂ ಅಕ್ಷರ ಬಿಡಿಸಿ ಕೊಡಲೇ?

ಬೇಡ ಎನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು.

ಏನು ಆ ಮಾತು? ಸುಹೈಲ್ ಕೇಳಿದ, ಕಂಬಳಿಯೊಳಗಿಂದ.
ಹೌದು ಅಂತ. ಇದೆ ಅಂತ. ಇದ್ದೇನೆ ಅಂತಲೂ.
ಹಾಗಾದರೆ ಮವ್ಜೂದ್, ಎಂದ.
ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿದ: ಉಂತು, ಉಂತು.
ಕೆಳಗೆ ಎಲ್ಲೋ ಕೆಸರು ಗುಳುಕ್ ಎಂದಿತು.

ಮರುದಿನ ಎಳೆದು ತೆಗೆದರು. ಕ್ಯಾಂಪಿಗೆ ಬಂದವನೇ
ಮುಖ ತೊಳೆಯುವ ಮೊದಲು ಇರುಳಿನ ಹರಳು ಹಾಕಿದೆ.
ಸಿಪ್ರಿಯನ್ ನೋಡಿದ, ಏನೂ ಅನ್ನಲಿಲ್ಲ,
ಹಾಜರಿ ಪುಸ್ತಕದಲ್ಲಿ ನಾಲ್ಕರ ಮುಂದೆ ಏನೋ ಗೀಚಿದ.
ಅಂದಿನಿಂದ ಹೈಮಾ ಯಾವ ಹೊತ್ತಿನಲ್ಲೂ ಸ್ಪಷ್ಟ.
ಟಗ್ಗಿನವ ಮಾತ್ರ ಮತ್ತೆ ಸಿಕ್ಕಲಿಲ್ಲ,
ಹೆಸರು ಕೇಳಿರಲಿಲ್ಲ ನಾನು.

ಕೆಲವು ರಾತ್ರಿ, ಸುಹೈಲ್ ಮಲಗಿದ ಮೇಲೆ,
ಬೇಕೆಂದೇ ಹಗಲಿನ ಹರಳಿಗೆ ತಿರುಗಿಸುತ್ತಿದ್ದೆ.
ಸಾಸಿವೆ. ಅಂಕೆ ಓದುವವನು.
ಗುಂಡಿ ಒತ್ತಿ ಆ ಎರಡಕ್ಷರ ಹೇಳಿ
ಬೆರಳು ತೆಗೆಯುತ್ತಿದ್ದೆ.