ಎಂಟೂವರೆಗೆ ಒಂದು

ಫಿಯೆಟ್ಟಿನ ಹೆಡ್ಡು, ಹಳೇ ಲುಂಗಿಯಲ್ಲಿ ಸುತ್ತಿ
ಕುಮಟೆಯ ಲೇತಿಗೆ ಹೊತ್ತು ತಂದೆ.
ಚಂದಾವರದ ಇನಾಸ ಉಗುರಿನಲ್ಲಿ ಕೆರೆದು ನೋಡಿದ.
‘ಎಷ್ಟು ತೆಗೀಲಿ?’
‘ಎರಡು ಮಿಲಿಮೀಟರ್.’
‘ಒಂದು ಸಾಕು. ಓಡಿಸೋದು ರೋಡಲ್ಲಿ ಅಲ್ವಾ,
ಪಂಪಿನ ಪೆಟ್ರೋಲು ಅಷ್ಟೇ ಸಹಿಸೋದು.’

ಮೊಮ್ಮಗಳ ಆಟದ ಮಣ್ಣು
ಪಿಸ್ಟನ್ನಿನ ನೆತ್ತಿಗೆ ಮೆತ್ತಿ
ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಬಿಚ್ಚಿದರೆ
ವಾಲ್ವು ಕಚ್ಚಿದ ಗುರುತು.
ಬ್ಲೇಡಿನಲ್ಲಿ ಕೊಯ್ದು ಅಳೆದ: ‘ಜಾಗ ಉಂಟು.’

ದೇವಿಮನೆ ಘಟ್ಟ, ಮೂರನೇ ಗೇರು.
ಎಡಗಿವಿ ಕೇಳದ ಇನಾಸ
ಬಲಗಿವಿಯನ್ನು ಡ್ಯಾಶಿಗೊತ್ತಿ ಕೂತಿದ್ದಾನೆ.
ನನಗೆ ಕೇಳುತ್ತಿದ್ದದ್ದು
ಬಂಡಿಯ ಹೊಸ ಗಂಟಲು ಮಾತ್ರ.
‘ಡಬ್ಬಿಯಲ್ಲಿ ಗೇರುಬೀಜ,’ ಎಂದ. ‘ನಿಲ್ಲಿಸು.’

ಬಾನೆಟ್ಟು ಎತ್ತಿ, ಡಿಸ್ಟ್ರಿಬ್ಯೂಟರನ್ನು
ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ.
ಬೆರಳು ಸುಟ್ಟಿತು.
ತಟ್ಟನೆ ಕಿವಿ ಹಿಡಿದುಕೊಂಡ,
ಕೇಳದ ಕಿವಿ.