ಆರನೆಯ ಡಬ್ಬಿ

ಕಣ್ಣಿಗೆ ಕಟ್ಟಲು ಹಳೇ ಸೀರೆಯ ಹರಕು,
ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದ ಆರು ಡಬ್ಬಿ.
ಇವತ್ತಿನ ಪಾಠ ಮೂಗು.
ಚಿನಕುರಳಿಯ ಅಂಗನವಾಡಿ, ಹತ್ತೂಕಾಲು,
ಮೂಗು ಸೋರುವವರೇ ಅರ್ಧ ಜನ.

ಮೊದಲನೆಯದು ಕಾಫಿಪುಡಿ.
"ಬಸ್‌ಸ್ಟ್ಯಾಂಡು" ಅಂದ ತನುಷ್.
ಪುಸ್ತಕದ ಪ್ರಕಾರ ತಪ್ಪು.
ಅವರಪ್ಪನ ಹೋಟ್ಲು ಇರೋದು ಅಲ್ಲೇ,
ಸರಿ ಅಂತ ಟಿಕ್ ಹಾಕಿದೆ.

ಬೇವಿನೆಣ್ಣೆಗೆ ಗಾನವಿ "ಹೇನು" ಅಂದಳು.
ಬೆಳ್ಳುಳ್ಳಿಗೆ ಐಮನ್, "ಪಾಪು ಹುಟ್ದಾಗ ಅಮ್ಮ."
ಸೊಗಡವರೆ ಸಿಪ್ಪೆಗೆ ಮಾತ್ರ ಎಲ್ಲರೂ ಒಟ್ಟಿಗೇ ಕಿರುಚಿದರು,
ಡಿಸೆಂಬರ್ ಅಲ್ವಾ, ಎಲ್ಲರ ಬೆರಳಲ್ಲೂ ಅದೇ.
ಸೀಗೇಪುಡಿಗೆ ಸೀನಿದ್ದೇ ಸೀನಿದ್ದು,
ಪಾಠ ಹತ್ತು ನಿಮಿಷ ನಿಂತಿತು.

ನನಗೆ ಇದಾವುದೂ ಇಲ್ಲ.
ಆ ಜ್ವರದ ವರ್ಷ ಹೋದದ್ದು ವಾಪಸ್ಸು ಬರಲಿಲ್ಲ.
ಡಬ್ಬಿಯ ತಳಕ್ಕೆ ನಂಬರ್ ಬರೆದಿಟ್ಟುಕೊಂಡು ಕಲಿಸುತ್ತೇನೆ.
ಮಲ್ಲಿಗೆ ಮುಡಿದರೆ ಕತ್ತಿಗೆ ಒಂದಿಷ್ಟು ತಣ್ಣಗೆ, ಅಷ್ಟೇ.
ಯಾರಿಗೂ ಹೇಳಿಲ್ಲ. ಆಯಾ ಕೆಂಪಾಜಮ್ಮನಿಗೆ ಗುಮಾನಿ ಇದೆ.

ಆರನೆಯದು ಖಾಲಿ. ಅದು ನನ್ನ ಕಿತಾಪತಿ.
ಏನೂ ಇಲ್ಲದ್ದನ್ನ ಏನೂ ಇಲ್ಲ ಅನ್ನೋಕೂ ಬರಬೇಕಲ್ಲ.
"ಏನೂ ಇಲ್ಲ ಮಿಸ್." "ಏನಿಲ್ಲ." "ಖಾಲಿ."
ಉಳಿದವನು ಹುಲಿಗೇಶ,
ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರ ಹುಡುಗ,
ಎಂಟು ದಿನದಿಂದ ಬಾಯೇ ಬಿಟ್ಟಿರಲಿಲ್ಲ.
ತೂತಿಗೆ ಮೂಗು ಒತ್ತಿಕೊಂಡು ಕೂತ,
ಬಹಳ ಹೊತ್ತು.

"ಬೆಲ್ಲ."

ನಗು. ಮುಚ್ಚಳ ತೆಗೆದು ತೋರಿಸಿದೆ,
ಬೋರಲು ಹಾಕಿ ಕುಟ್ಟಿದೆ.
"ಬೆಲ್ಲ ಐತ್ರಿ" ಅಂದ, ಡಬ್ಬಿಗಲ್ಲ,
ಕಿಟಕಿಗೆ ಕೈ ತೋರಿಸಿ.

ನಾಲೆಯಾಚೆ ಆಲೆಮನೆ. ಹೊಗೆ ನನಗೂ ಕಾಣುತ್ತದೆ.
ಹುಟ್ಟಿದಾಗಿನಿಂದ ಅದರೊಳಗೇ ಉಸಿರಾಡಿದ ಮಕ್ಕಳು
ಮುಖ ಎತ್ತಿ ಸೊರ್ ಸೊರ್ ಎಳೆದರು:
ಇಲ್ಲ ಮಿಸ್, ಇಲ್ಲ.
ಇಡೀ ಊರಿಗೇ ನನ್ನ ಕಾಯಿಲೆ ಅಂದುಕೊಂಡು
ನಗು ಬರುತ್ತಿತ್ತು,

ಗಾನವಿ ಸೆರಗು ಜಗ್ಗಿದಳು.
"ಮಿಸ್, ಸೀಯ್ತಾ ಅದೆ!"
ಗ್ಯಾಸಿನ ಮೇಲೆ ಹಾಲು.
ಕೆಂಪಾಜಮ್ಮ ನೀರಿಗೆ ಹೋಗಿದ್ದಾಳೆ.
ಓಡಿದೆ.

ತಳ ಹಿಡಿದ ಪಾತ್ರೆ ಇಳಿಸಿ ಬಂದರೆ
ನಿಮಗೆ ಗೊತ್ತಾಗಲಿಲ್ವಾ ಅಂತ ಯಾರೂ ಕೇಳಲಿಲ್ಲ.
ಹುಲಿಗೇಶ ಎದ್ದು ಬಂದು
ಖಾಲಿ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದ.

"ಬೆಲ್ಲ" ಅಂದೆ.

ನನ್ನ ಮುಖವನ್ನೇ ನೋಡಿದ.
ಡಬ್ಬಿಯನ್ನು ಇನ್ನೂ ಸ್ವಲ್ಪ ಹತ್ತಿರ ತಂದ.