ಹೆಪ್ಪು

ಕಲಬುರಗಿ ಗಂಜಿನ ಬ್ಯಾಳಿ ಮಿಲ್ಲಿನ ಮ್ಯಾಲ
ನಮ್ಮ ಆಫೀಸು. ಎರಡು ಖೋಲಿ, ಮೂರು ಕಂಪ್ಯೂಟರ್,
ಕೀಬೋರ್ಡಿನ ಸಂದ್ಯಾಗ ತೊಗರಿ ಹೊಟ್ಟು.
ಕೆಳಗ ಜರಡಿ ಸುರುವಾದ್ರ
ಪರದೆ ಮ್ಯಾಲಿನ ಅಕ್ಷರ ಸಣ್ಣಗ ನಡಗ್ತಾವ.

ಚೀಲದ ತೂಕ, ತೇವ, ದಲಾಲಿ, ಹಮಾಲಿ,
ಎಲ್ಲಾ ಲೆಕ್ಕ ಇಡೋ ಸಾಫ್ಟ್‌ವೇರು ನಮ್ಮದು.
‘ನಮ್ಮದು’ ಅಂತಾರ ಅಣವೀರಪ್ಪ ಸಾಹುಕಾರ್ರು.
ನಲವತ್ತು ಮಿಲ್ಲಿಗಿ ಮಾರಬೇಕು, ಕೀಲಿ ಜಡಿದು.

ನಾ ಒಳಗ ಇಳದು ನೋಡಿದೆ.
ತಕ್ಕಡಿಯ ಮಾತು ತಿಳಿಯೋ ಆರುನೂರು ಸಾಲು
ನಮ್ಮದಲ್ಲ.
ಯಾವ ಊರಿನವರೋ ಬರದು, ನೆತ್ತಿ ಮ್ಯಾಲ ಕಟ್ಟಿಟ್ಟಾರ:
ತಗೋ. ತಿದ್ದು. ಮಾರಿದ್ರೂ ಮಾರು.
ಇದನ್ನ ಬೆರೆಸಿ ಏನು ಮಾಡ್ತೀಯೋ
ಅದರ ಒಳಗನ್ನ, ಕೊಂಡವರಿಗಿ ತೆರೆದು ಕೊಡು.

‘ಆ ನಾಕು ಸಾಲು ಅಳಿಸಿಬಿಡು ಸುರೈಯಾ,
ಯಾರು ನೋಡ್ತಾರ?’

ಮೋಮಿನಪುರದ ಓಣ್ಯಾಗ ಅಮ್ಮಿ
ಚಂದಮ್ಮಾಯಿ ಮನಿಗಿ ಬಟ್ಟಲು ಕೊಟ್ಟು ಕಳಸ್ತಿದ್ಳು.
ಆಕಿ ಹೆಪ್ಪು ಕೊಡಾಕಿ,
ದೀಪ ಹಚ್ಚೂದರೊಳಗ ಹೋದ್ರ ಅಷ್ಟ.
ಯಾಕ ಅಂತ ಯಾರೂ ಕೇಳಿದ್ದಿಲ್ಲ.
ಒಂದು ಚಮಚ. ಬೆಳಗಾಗೂದರಾಗ
ಗಡಿಗಿ ತುಂಬ ಆಕಿ ಮನಿಯ ಹುಳಿ.
ಹಾಲು ನಮ್ಮದು, ಗಡಿಗಿ ನಮ್ಮದು, ಖರೇ.
ಮೊಸರಿನ್ಯಾಗಿಂದ ಆ ಚಮಚ ಅಷ್ಟ
ವಾಪಸ್ ತಗದು ತೋರಸ್ರಿ ಸಾಹುಕಾರ್ರ.

ಅವರೇನು ಕೆಟ್ಟವರಲ್ಲ.
ಒಂದನೇ ತಾರೀಖಿಗಿ ಪಗಾರ, ಬ್ಯಾಸಗ್ಯಾಗ ಮಜ್ಜಿಗಿ.
ತೆರೆದಿಟ್ರ ನಾಳಿ ಎದುರಿನ ಅಂಗಡಿಯವ
ಅರ್ಧ ರೇಟಿಗಿ ಮಾರ್ತಾನ, ಅದೂ ಸುಳ್ಳಲ್ಲ.
ಹಾಲೂ ಚಲೋ, ಹುಣಸಿಹಣ್ಣೂ ಚಲೋ,
ಒಂದ ಬೋಗುಣಿಗಿ ಬಿದ್ರ ಒಡೀತದ.

‘ಅಳಸಂಗಿಲ್ಲರಿ. ಮೊದಲಿಂದ ಬರಸೋಣ,’ ಅಂದೆ,
‘ಆದ್ರ ನಾ ಬರೆಯಂಗಿಲ್ಲ. ನಾ ಓದಿಬಿಟ್ಟೀನಿ.’

ಆಳಂದದ ಸಿದ್ರಾಮ ಬಂದ, ಕಣ್ಣು ಹಸಿ.
ತಕ್ಕಡಿ ಕಂಪನಿಯ ಕೈಪಿಡಿ ಒಂದ ಅವನ ಮುಂದ.
ಹನ್ನೊಂದನೇ ದಿನ ಕೇಳಿದ:
‘ಅಕ್ಕಾ, ಚೀಲ ಇಟ್ಟ ಕೂಡಲೆ ಅಂಕಿ ಓಲಾಡ್ತದ.
ನಿಂತದ್ದು ಯಾವಾಗಂತ ತಿಳಿಯೂದು ಹ್ಯಾಂಗ?’

ನನಗ ಗೊತ್ತದ.
ಆ ಪುಣ್ಯಾತ್ಮ ಮೂರ ಸಾಲಿನ್ಯಾಗ ಬಿಡಿಸಿದ್ದ,
ಓದಿದ ರಾತ್ರಿ ನಿದ್ದಿ ಬಂದಿದ್ದಿಲ್ಲ ನನಗ,
ಅಷ್ಟು ಚಂದ.

‘ಚಾ ಕುಡದು ಬರ್ತೀನಿ,’ ಅಂತ ಎದ್ದೆ.
ಮೆಟ್ಟಿಲ ತುಂಬ ಹೊಟ್ಟು.
ಕೆಳಗ ಹಮಾಲರು ಚೀಲ ಇಟ್ಟು
ಅಂಕಿ ನಿಲ್ಲಲಿ ಅಂತ ಕಾಯಲಿಕತ್ತಿದ್ರು.